ದುಡ್ಡು ಕೊಟ್ಟು ಯಾಕೆ ಅಳಬೇಕು?

ಪ್ರಶ್ನೆ: ಸರ್, ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಿನಿಮಾ ಅಂದರೆ ಮೊದಲಿನಿಂದ ಇಷ್ಟ. ಆದರೆ ಕೊನೆಗೆ ಯಾರೋ ಸಾಯ್ತಾರೆ ಅಂತ ಗೊತ್ತಾದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತೇನೆ. ಕಾಲೇಜು ಓದೋ ಮಗಳು, ‘ಅಪ್ಪಾ, ಚಲೋ ಚಲೋ ಸಿನಿಮಾ ಎಲ್ಲಾ ಅರ್ಧಕ್ಕೇ ಬಿಟ್ಟೀದಿ’ ಅಂತ ಬೈತಾಳೆ. ದಿನಾ ನೋಡೋ ಕಷ್ಟ ಸಾಲದಾ ಸರ್? ದುಡ್ಡು ಕೊಟ್ಟು ಯಾಕೆ ಅಳಬೇಕು? ನೋಡಲೇಬೇಕು ಅನ್ನೋದಾದರೆ ಯಾವುದರಿಂದ ಶುರು ಮಾಡಲಿ?

ಉತ್ತರ: ‘ದಿನಾ ನೋಡೋ ಕಷ್ಟ ಸಾಲದಾ’ ಅನ್ನೋ ಮಾತನ್ನು ನಮ್ಮವ್ವನೂ ಹೇಳುತ್ತಿದ್ದಳು. ಸಿನಿಮಾದಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ‘ಇದು ಬ್ಯಾಡಪ್ಪ, ಬ್ಯಾರೆ ಹಚ್ಚು’ ಅನ್ನೋಳು. ಆದರೆ ಅದೇ ಅವ್ವ ಮೊಹರಂ ಬಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಅವಳ ತವರು ರಾಯಚೂರು ಜಿಲ್ಲೆಯ ಮುದಗಲ್ ಹತ್ತಿರ. ಮುದಗಲ್ಲಿನ ಮೊಹರಂ ಎಷ್ಟು ದೊಡ್ಡದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸಣ್ಣವನಿದ್ದಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಮೊಹರಂಗೆ ಬೆಂಕಿ ಹಾಕೋ ಅಲಾಯಿ ಕುಣಿಯ ಸುತ್ತ ಬೆಳಕು. ಗಂಡಸರು ಸಾಲಾಗಿ ನಿಂತು ಮೊಹರಂನ ಶೋಕದ ಹಾಡು, ರಿವಾಯತ್ ಪದ ಹಾಡೋರು. ಪ್ರವಾದಿಯ ಮೊಮ್ಮಕ್ಕಳಾದ ಹಸೇನ-ಹುಸೇನರ ಕಥೆ. ಕರ್ಬಲಾದ ಬಯಲಿನಲ್ಲಿ ಗುಟುಕು ನೀರಿಲ್ಲದೆ ಬಾಯಾರಿದ ಕೂಸಿನ ಕಥೆ. ಹಾಡೋರಲ್ಲಿ ಅರ್ಧ ಜನ ಲಿಂಗಾಯತರು, ಕುರುಬರು, ನಾಯಕರು. ನಮ್ಮವ್ವ ಸೆರಗು ಬಾಯಿಗೆ ಹಿಡಿದು ಅಳೋಳು. ಪ್ರತಿ ವರ್ಷ, ಅದೇ ಪದಕ್ಕೆ, ಅದೇ ಜಾಗದಲ್ಲಿ.

ಒಂದು ವರ್ಷ ಕೇಳಿಯೇಬಿಟ್ಟೆ. ‘ಅವ್ವಾ, ಕಥಿ ನಿನಗ ಗೊತ್ತೈತಲ್ಲ, ಮತ್ಯಾಕ ಅಳ್ತಿ?’

‘ಗೊತ್ತೈತಿ ಅಂತನ ಅಳ್ತೀನಿ. ಅವರಿಗೂ ಅಳೋರು ಬೇಕಲ್ಲೋ’ ಅಂದಳು.

ಬಳ್ಳಾರಿಯಲ್ಲಿ ಮೂವತ್ತು ವರ್ಷದಿಂದ ಹುಡುಗರಿಗೆ ಸಿನಿಮಾ ತೋರಿಸುತ್ತಾ, ಅದರ ಬಗ್ಗೆ ಪಾಠ ಹೇಳುತ್ತಾ ಬಂದಿದ್ದೇನೆ. ನಿಮ್ಮ ಪ್ರಶ್ನೆಗೆ ಆ ಮಾತಿಗಿಂತ ಒಳ್ಳೆಯ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ನಿಮಗೆ ಬೇಕಾಗಿರೋದು ಅಳು ಅಲ್ಲ, ಸರಿ. ಆದರೆ ಯಾರಿಗಾಗಿ ಅಳುತ್ತೀರೋ ಆ ಮನುಷ್ಯನ ಜೊತೆ ಎರಡು ತಾಸು ಇದ್ದು ಬರೋದಿದೆಯಲ್ಲ, ಅದಕ್ಕೋಸ್ಕರ ಈ ಸಿನಿಮಾಗಳನ್ನು ನೋಡಬೇಕು. ಇನ್ನೊಂದು ವಿಷಯವೂ ಅವ್ವನ ಮಾತಿನಲ್ಲಿದೆ. ಕೊನೆ ಗೊತ್ತಿದ್ದರೆ ಸಿನಿಮಾ ಕೆಡೋದಿಲ್ಲ. ಹಾಗಾಗಿ ಕೆಳಗೆ ನಾನು ಕೆಲವು ಸಿನಿಮಾಗಳ ಕೊನೆಯನ್ನೂ ಹೇಳಿಬಿಡುತ್ತೇನೆ. ಭಯ ಇರೋರಿಗೆ ಮೊದಲೇ ಗೊತ್ತಿದ್ದರೆ ಒಳ್ಳೇದು.

ಎಲ್ಲಾ ಅಳಿಸೋ ಸಿನಿಮಾನೂ ಒಳ್ಳೇದಲ್ಲ. ಆಸ್ಪತ್ರೆ ಮಂಚ, ಹೊರಗೆ ಮಳೆ, ಹಿಂದೆ ವಯಲಿನ್, ಮಂಚದ ಪಕ್ಕ ಸಣ್ಣ ಮಗು. ಇಷ್ಟು ಇಟ್ಟರೆ ಯಾರ ಕಣ್ಣಲ್ಲೂ ನೀರು ಬರುತ್ತೆ. ಈರುಳ್ಳಿ ಹೆಚ್ಚಿದರೂ ಬರುತ್ತೆ, ಅಲ್ವಾ? ನಾನು ಹುಡುಗರಿಗೆ ಹೇಳಿಕೊಡೋ ಪರೀಕ್ಷೆ ಒಂದೇ. ಸಿನಿಮಾ ನೋಡಿ ಎರಡು ದಿನ ಬಿಡಿ. ಆಮೇಲೆ ಆ ಮನುಷ್ಯನನ್ನು ನೆನೆಸಿಕೊಳ್ಳಿ. ಅವನು ಸತ್ತದ್ದು ಮೊದಲು ನೆನಪಾಗುತ್ತಾ, ಬದುಕಿದ್ದು ಮೊದಲು ನೆನಪಾಗುತ್ತಾ? ಬದುಕಿದ್ದು ಕಣ್ಣ ಮುಂದೆ ಬಂದರೆ ಆ ಸಿನಿಮಾ ಅವನನ್ನು ಪ್ರೀತಿಸಿದೆ ಅಂತ ಅರ್ಥ. ಬರೀ ಸಾವು ನೆನಪಾದರೆ ನಿಮ್ಮ ಕಣ್ಣೀರಿಗಾಗಿ ಅವನನ್ನು ಬಳಸಿಕೊಂಡಿದೆ ಅಷ್ಟೇ.

ನೀವು ‘ಕಸ್ತೂರಿ ನಿವಾಸ’ದಿಂದ ಶುರು ಮಾಡಿ. 1971ರ ಚಿತ್ರ. ದೊರೆ-ಭಗವಾನ್ ನಿರ್ದೇಶನ, ರಾಜ್‌ಕುಮಾರ್ ನಾಯಕ. ನೀವು ಅರ್ಧ ನೋಡಿಯೇ ಇರುತ್ತೀರಿ, ಕೊನೆ ಅರ್ಧ ಬಿಟ್ಟಿರುತ್ತೀರಿ. ಬೆಂಕಿಪೊಟ್ಟಣದ ಕಾರ್ಖಾನೆ ನಡೆಸೋ ರವಿವರ್ಮ. ಕೇಳಿದವರಿಗೆ ಇಲ್ಲ ಅನ್ನದ ಕೈ. ಕಾರ್ಖಾನೆ ಹೋಗುತ್ತೆ, ಮನೆ ಹೋಗುತ್ತೆ, ಒಂದೊಂದೇ ಹೋಗಿ ಕೊನೆಗೆ ಒಂದು ಪಾರಿವಾಳ ಉಳಿಯುತ್ತೆ. ಜಯಂತಿ ಅವರು ಮಾಡಿದ ನೀಲಾ ಅವನ ಮನೆಗೆ ಬರುತ್ತಾಳೆ. ಬಂದವಳಿಗೆ ಊಟ ಹಾಕಬೇಕು, ಮನೆಯಲ್ಲಿ ಏನೂ ಇಲ್ಲ. ಆ ಪಾರಿವಾಳ ಮಾರಿ ಅವಳಿಗೆ ಊಟ ಹಾಕುತ್ತಾನೆ. ಅವಳು ಬಂದದ್ದೇ ಆ ಪಾರಿವಾಳ ಕೇಳೋದಕ್ಕೆ. ಮಗು ಅದಕ್ಕೋಸ್ಕರ ಹಟ ಹಿಡಿದಿದೆ.

ಇಲ್ಲಿ ಸ್ವಲ್ಪ ನಿಲ್ಲಿ. ಕೊಡಬಾರದು ಅಂತ ಅಲ್ಲ, ಕೊಟ್ಟಾಗಿದೆ. ಆದರೆ ಬೇರೆ ರೂಪದಲ್ಲಿ, ಅವಳ ತಟ್ಟೆಯಲ್ಲಿ. ಇಡೀ ಜೀವನ ಇಲ್ಲ ಅನ್ನದವನು ಮೊದಲನೇ ಸಲ ಇಲ್ಲ ಅನ್ನಬೇಕಾಗಿ ಬಂದದ್ದು, ಹಿಂದಿನ ಕ್ಷಣದಲ್ಲಿ ಅವಳಿಗೇ ಕೊಟ್ಟಿದ್ದರಿಂದ. ಅದನ್ನು ಅವನಿಂದ ತಡೆದುಕೊಳ್ಳೋಕೆ ಆಗೋದಿಲ್ಲ. ಜೀವ ಹೋಗುತ್ತೆ. ಬರೆದ ಕಥೆಯಾಗಿ ನೋಡಿದರೂ ಇದು ಎಂಥಾ ಗಟ್ಟಿ ಹೆಣಿಗೆ! ಯಾವ ಖಳನಾಯಕನೂ ಬಂದು ಅವನನ್ನು ಕೊಲ್ಲಲಿಲ್ಲ. ಅವನ ಒಳ್ಳೆಯ ಗುಣವೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿತು. ಆದರೂ ಎರಡು ದಿನ ಬಿಟ್ಟು ನೋಡಿ, ನಿಮಗೆ ನೆನಪಾಗೋದು ಆ ಸಾವಲ್ಲ. ಆ ಗೊಂಬೆ, ‘ಆಡಿಸಿ ನೋಡು’ ಹಾಡು, ಕೊಡುವಾಗ ಆ ಮುಖದಲ್ಲಿದ್ದ ಸಂತೋಷ. 2014ರಲ್ಲಿ ಇದಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನನ್ನ ಮನಸ್ಸು ಕಪ್ಪು-ಬಿಳುಪಿನ ಕಡೆಗೇ. ನಿಮ್ಮ ಮಗಳು ಬಣ್ಣದ್ದು ಬೇಕು ಅಂದರೆ ಅದನ್ನೇ ನೋಡಿ, ಜಗಳ ಬೇಡ.

ಎರಡನೇದು ‘ತಬರನ ಕಥೆ’. ತೇಜಸ್ವಿ ಅವರ ಕಥೆ, ಗಿರೀಶ್ ಕಾಸರವಳ್ಳಿ ಅವರ ಸಿನಿಮಾ. ದೇಶದ ಶ್ರೇಷ್ಠ ಚಿತ್ರಕ್ಕೆ ಕೊಡೋ ಸ್ವರ್ಣ ಕಮಲ 1986ನೇ ಸಾಲಿನಲ್ಲಿ ಇದಕ್ಕೆ ಬಂತು. ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೆ ದೇಶದ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ತಬರ ಸರ್ಕಾರದ ಸಣ್ಣ ನೌಕರ. ನಿವೃತ್ತಿ ಆಗಿದೆ, ಪಿಂಚಣಿ ಬಂದಿಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ದುಡ್ಡು ಬಂದರೆ ಆಪರೇಶನ್. ದುಡ್ಡು ಬರಬೇಕಾದರೆ ಆ ಕಾಗದ, ಈ ಸಹಿ. ಕೊನೆಗೆ ಅವನು ಕಸಾಯಿ ಅಂಗಡಿಗೆ ಹೋಗಿ, ನನ್ನ ಹೆಂಡತಿಯ ಕಾಲು ಕತ್ತರಿಸಿಕೊಡ್ತೀಯಾ ಅಂತ ಕೇಳುತ್ತಾನೆ. ಅವನಿಗೆ ತಲೆ ಕೆಟ್ಟಿರೋದಕ್ಕೆ ಹಾಗೆ ಕೇಳಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳೋಕೆ ಬೇರೆ ದಾರಿ ಕಾಣದೆ ಕೇಳಿದ. ತಲೆ ಕೆಡೋದು ಆಮೇಲೆ.

ಈ ಸಿನಿಮಾವನ್ನು ನಾವು ಒಂದು ಸಲ ಕಂಪ್ಲಿ ಕಡೆಯ ಒಂದು ಹಳ್ಳಿಯ ಶಾಲೆ ಅಂಗಳದಲ್ಲಿ ತೋರಿಸಿದೆವು. ಎರಡು ಬಿದಿರು ನೆಟ್ಟು ಬಿಳಿ ಬಟ್ಟೆ ಕಟ್ಟಿದ್ದೆವು. ಗಾಳಿಗೆ ಬಟ್ಟೆ ಉಬ್ಬಿದರೆ ತಬರನ ಮುಖವೂ ಉಬ್ಬೋದು. ನಡುವೆ ಒಂದು ಸಲ ಕರೆಂಟ್ ಹೋಯಿತು. ಜನ ಎದ್ದು ಹೋಗ್ತಾರೆ ಅಂದುಕೊಂಡೆ. ಒಬ್ಬರೂ ಏಳಲಿಲ್ಲ. ಮುಕ್ಕಾಲು ತಾಸು ಕತ್ತಲಲ್ಲಿ ಕೂತಿದ್ದರು. ಸಿನಿಮಾ ಮುಗಿದ ಮೇಲೆ ಒಬ್ಬ ವಯಸ್ಸಾದವರು ನನ್ನ ಹತ್ತಿರ ಬಂದರು. ಕಾಲುವೆಯ ನೀರುಗಂಟಿ ಆಗಿದ್ದವರಂತೆ. ಒಳಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಅರ್ಜಿ. ಎಷ್ಟು ಸಲ ಮಡಚಿ ಬಿಚ್ಚಿದ್ದರೋ, ಮಡಿಕೆಯ ಗೆರೆಗಳು ಹರಿದಿದ್ದವು. ಹರಿದಲ್ಲಿ ಅನ್ನದ ಅಗುಳು ಹಚ್ಚಿ ಹಿಂದಿನಿಂದ ಕ್ಯಾಲೆಂಡರ್ ಕಾಗದ ಅಂಟಿಸಿದ್ದರು. ದುಂಡನೆಯ ಸೀಲು ಬೆವರಿಗೆ ಹರಡಿ ನೀಲಿ ಕಲೆ ಆಗಿತ್ತು. ‘ಸರ್, ಇವ ನನ್ನ ಕಾಗದಾನ ಓದ್ಯಾನೇನ್ರಿ?’ ಅಂತ ಕೇಳಿದರು. ತಬರನ ಬಗ್ಗೆ ಕೇಳಿದ್ದು.

ಆ ರಾತ್ರಿ ಊರಿನ ಮೇಷ್ಟ್ರು ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಕೂತು ಅವರಿಗೆ ಹೊಸ ಅರ್ಜಿ ಬರೆದುಕೊಟ್ಟರು. ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಅದರಲ್ಲಿ ಮೂವರು ತಮ್ಮ ತಮ್ಮ ಕಾಗದ ತರೋಕೆ ಮನೆಗೆ ಓಡಿದರು. ಮುಂದಿನ ವರ್ಷ ಅದೇ ಊರಿಗೆ ಹೋದಾಗ ಆ ಹಿರಿಯರು ಇರಲಿಲ್ಲ. ಸೊಸೆ ಚಹಾ ಮಾಡಿಕೊಟ್ಟಳು. ಕಾಗದ ಇನ್ನೂ ಓಡಾಡ್ತಾ ಇದೆ ಅಂದಳು. ಅವತ್ತಿನಿಂದ ತಬರನನ್ನು ಬರೀ ಸಿನಿಮಾದ ಪಾತ್ರ ಅಂತ ನೋಡೋಕೆ ನನಗೆ ಆಗಿಲ್ಲ. ದಿನಾ ನೋಡೋ ಕಷ್ಟ ಸಾಲದಾ ಅಂತ ಕೇಳಿದಿರಲ್ಲ, ಆ ಹಿರಿಯರಿಗೂ ದಿನಾ ಕಷ್ಟ ಇತ್ತು. ಆದರೆ ತನ್ನ ಕಷ್ಟವನ್ನು ಇನ್ನೊಬ್ಬರು ಕಂಡಿದ್ದಾರೆ ಅಂತ ಗೊತ್ತಾದದ್ದು ಅವತ್ತೇ.

ಮೂರನೇದನ್ನು ನೀವು ಗಂಗಾವತಿಯವರು ಅನ್ನೋ ಕಾರಣಕ್ಕೇ ಹೇಳುತ್ತಿದ್ದೇನೆ. ‘ದ್ವೀಪ’. ಇದೂ ಕಾಸರವಳ್ಳಿ ಅವರದೇ, 2002. ನಾ. ಡಿಸೋಜ ಅವರ ಕಾದಂಬರಿ. ಸೌಂದರ್ಯ ನಾಯಕಿ, ನಿರ್ಮಾಪಕಿಯೂ ಅವರೇ. ಇದಕ್ಕೂ ಸ್ವರ್ಣ ಕಮಲ ಬಂತು. ಅಣೆಕಟ್ಟು ಕಟ್ಟಿದ್ದಾರೆ, ನೀರು ಏರುತ್ತಾ ಬರುತ್ತಿದೆ, ಊರಿನವರು ಒಬ್ಬೊಬ್ಬರೇ ಖಾಲಿ ಮಾಡುತ್ತಿದ್ದಾರೆ. ಗಣಪ, ಅವನ ಹೆಂಡತಿ ನಾಗಿ, ಅವನ ಅಪ್ಪ ದುಗ್ಗಜ್ಜ ಮಾತ್ರ ಉಳಿಯುತ್ತಾರೆ. ಸುತ್ತ ನೀರು, ನಡುವೆ ಇವರು. ದುಗ್ಗಜ್ಜ ಬದುಕೋದಿಲ್ಲ. ನಾಗಿ ಮಳೆಯಲ್ಲಿ, ಕತ್ತಲಲ್ಲಿ ಒಬ್ಬಳೇ ಒದ್ದಾಡಿ ಮನೆ ಉಳಿಸುತ್ತಾಳೆ. ಬೆಳಗಾದ ಮೇಲೆ ಗಂಡ ಎಲ್ಲಾ ದೇವರ ದಯೆ ಅಂತಾನೆ. ಆಗ ನಾಗಿಯ ಮುಖ ನೋಡಿ. ಅಲ್ಲಿ ಯಾರೂ ಸಾಯೋದಿಲ್ಲ. ನನಗೆ ಮಾತ್ರ ದುಗ್ಗಜ್ಜನ ಸಾವಿಗಿಂತ ಆ ಮುಖವೇ ಜಾಸ್ತಿ ಸಂಕಟ ಕೊಡುತ್ತೆ.

ಈಗ ನಮ್ಮ ಕಡೆಗೆ ಬನ್ನಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಮುನಿರಾಬಾದ್ ಕಡೆಯಿಂದ ಹೊರಟ ಎಡದಂಡೆ ಕಾಲುವೆ ನಿಮ್ಮ ಗಂಗಾವತಿಗೆ, ಸಿಂಧನೂರಿಗೆ ನೀರು ತಂದಿತು. ನೀರು ಬಂದಿದ್ದಕ್ಕೆ ಭತ್ತ ಬಂತು. ಭತ್ತ ಬಂದಿದ್ದಕ್ಕೆ ಗಿರಣಿ ಬಂತು. ಗಿರಣಿ ಬಂದಿದ್ದಕ್ಕೆ ನಿಮಗೆ ಲೆಕ್ಕ ಬರೆಯೋ ಕೆಲಸ ಬಂತು. ಆ ನೀರು ನಿಂತ ಜಾಗದಲ್ಲಿ ಊರುಗಳಿದ್ದವು. ಹೊಲ, ಗುಡಿ, ಹುಣಸೆ ಮರ, ಅಜ್ಜನ ಗದ್ದಿಗೆ ಎಲ್ಲಾ ಇದ್ದವು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ‘ಇಲ್ಲೇ ನೋಡ್ರಿ ನಮ್ಮೂರು’ ಅಂತ ಕೈ ತೋರಿಸುವ ಹಿರಿಯರನ್ನು ನಾನು ಹೊಸಪೇಟೆ ಕಡೆ ಕಂಡಿದ್ದೇನೆ. ನಾನು ತಿನ್ನೋ ಅನ್ನವೂ ಆ ನೀರಿನದೇ. ಹಾಗಾಗಿ ಯಾರ ಮೇಲೂ ತಪ್ಪು ಹೊರಿಸೋಕೆ ಇದನ್ನು ಹೇಳುತ್ತಿಲ್ಲ. ‘ದ್ವೀಪ’ ನೋಡಿದ ಮೇಲೆ ನನಗೆ ಅನ್ನದ ತಟ್ಟೆಯ ಮುಂದೆ ಕೂತಾಗ ಒಮ್ಮೊಮ್ಮೆ ದುಗ್ಗಜ್ಜ ನೆನಪಾಗುತ್ತಾನೆ. ನೆನಪಾಗಬೇಕು ಅಂತಲೇ ನನ್ನ ಆಸೆ.

‘ಚೋಮನ ದುಡಿ’ ಮತ್ತು ‘ಘಟಶ್ರಾದ್ಧ’ದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇವನ್ನು ಮೊದಲಿಗೇ ನೋಡಬೇಡಿ, ನಾಲ್ಕೈದು ಸಿನಿಮಾ ಆದ ಮೇಲೆ ನೋಡಿ. ಚೋಮನಿಗೆ ಬೇಕಾಗಿದ್ದು ಒಂದೇ, ತನ್ನದು ಅನ್ನೋ ತುಂಡು ಭೂಮಿ. ಎತ್ತು ಇವೆ, ಹೊಲ ಇಲ್ಲ. ಜಾತಿಯ ಕಾರಣಕ್ಕೆ ಉಳುಮೆ ಮಾಡೋ ಹಕ್ಕಿಲ್ಲ. ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾನೆ, ಕೈಯಲ್ಲಿ ದುಡಿ ಅನ್ನೋ ಚರ್ಮವಾದ್ಯ ಮಾತ್ರ ಉಳಿಯುತ್ತೆ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975. ಚೋಮನಾದ ಎಂ.ವಿ. ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ‘ದ್ವೀಪ’ದ ದುಗ್ಗಜ್ಜನೂ ಇವರೇ. ಎರಡನ್ನೂ ನೋಡಿದರೆ ಒಬ್ಬ ನಟ ಇಪ್ಪತ್ತೇಳು ವರ್ಷದ ಅಂತರದಲ್ಲಿ ಮಣ್ಣು ಸಿಗದವನೂ ಆಗಿ, ಮಣ್ಣು ಕಳೆದುಕೊಂಡವನೂ ಆಗಿ ನಿಂತದ್ದು ಕಾಣುತ್ತೆ. ‘ಘಟಶ್ರಾದ್ಧ’ 1977ರದು. ಗರ್ಭಿಣಿಯಾದ ಎಳೆಯ ವಿಧವೆ ಯಮುನಕ್ಕನನ್ನು, ಬದುಕಿರುವಾಗಲೇ ಸತ್ತವಳು ಅಂತ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಇಡೀ ಕಥೆಯನ್ನು ನಾವು ನಾಣಿ ಅನ್ನೋ ಸಣ್ಣ ಹುಡುಗನ ಕಣ್ಣಿನಲ್ಲಿ ನೋಡುತ್ತೇವೆ. ಇದರ ಹಳೆಯ ಪ್ರತಿಯನ್ನು ಚೊಕ್ಕ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹೊಸ ಪ್ರತಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಪುಟ್ಟಣ್ಣ ಕಣಗಾಲ್ ಅವರ ಹೆಸರಿಲ್ಲದೆ ಈ ಮಾತು ಮುಗಿಯೋದಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯವರಿಗೆ ‘ಮಾನಸ ಸರೋವರ’ದ ಮೇಲೆ ಒಂದು ಸಲುಗೆ ಇದೆ. 1982ರ ಆ ಚಿತ್ರವನ್ನು ನಮ್ಮ ಸಂಡೂರಿನ ಕಡೆ ತೆಗೆದರು. ಆ ಕೆಂಪು ಮಣ್ಣು, ಆ ಗುಡ್ಡಗಳು. ಹುಚ್ಚು ಬಿಡಿಸೋ ಡಾಕ್ಟರ್ ತಾನೇ ವಾಸಿ ಮಾಡಿದ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳು ಬೇರೊಬ್ಬನನ್ನು ಮೆಚ್ಚುತ್ತಾಳೆ. ಡಾಕ್ಟರೇ ಹುಚ್ಚನಾಗುತ್ತಾನೆ. ಶ್ರೀನಾಥ್ ಅವರ ಅಭಿನಯ ಇವತ್ತಿಗೂ ಎದೆ ಕಲಕುತ್ತೆ. ‘ನೀನೇ ಸಾಕಿದಾ ಗಿಣಿ’ ಬಂದಾಗ ನಮ್ಮ ಕಡೆ ಚಹಾದಂಗಡಿಯಲ್ಲಿ ಈಗಲೂ ಮಾತು ನಿಲ್ಲುತ್ತೆ. ಆ ಗುಡ್ಡಗಳಲ್ಲಿ ಆಮೇಲೆ ಗಣಿ ಎಷ್ಟು ಬೆಳೆಯಿತು ಅಂತ ಗೊತ್ತಿರೋ ನಮಗೆ, ಹಿಂದೆ ಕಾಣೋ ಆ ಮಣ್ಣನ್ನು ನೋಡಿದರೂ ಸಂಕಟವಾಗುತ್ತೆ.

ಆದರೆ ‘ಶರಪಂಜರ’ ಅದಕ್ಕಿಂತ ದೊಡ್ಡ ಸಿನಿಮಾ ಅಂತ ನನ್ನ ಅಭಿಪ್ರಾಯ. 1971. ತ್ರಿವೇಣಿ ಅವರ ಕಾದಂಬರಿ. ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತೆ, ವಾಸಿಯೂ ಆಗುತ್ತೆ. ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರು ಹುಚ್ಚಿಯ ಹಾಗೇ ನೋಡುತ್ತಾರೆ. ಅವಳು ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಗಂಡನೂ ಕೈ ಬಿಡುತ್ತಾನೆ. ಕೊನೆಗೆ ಅವಳು ಮತ್ತೆ ಕತ್ತಲಿಗೇ ಹೋಗುತ್ತಾಳೆ. ಕಲ್ಪನಾ ಅವರು ಇದರಲ್ಲಿ ಮಾಡಿದ್ದನ್ನು ಅಭಿನಯ ಅಂತ ಕರೆಯೋಕೇ ನನಗೆ ಮನಸ್ಸು ಬರೋದಿಲ್ಲ. ಕಾವೇರಿಯನ್ನು ಮತ್ತೆ ಕಾಯಿಲೆಗೆ ತಳ್ಳಿದ್ದು ಕಾಯಿಲೆಯಲ್ಲ, ಸುತ್ತಲಿದ್ದವರ ಕಣ್ಣು. ನಮ್ಮ ಓಣಿಗಳಲ್ಲೂ ಹೀಗೆ ಆಸ್ಪತ್ರೆಯಿಂದ ವಾಪಸ್ ಬಂದವರಿದ್ದಾರೆ. ‘ಶರಪಂಜರ’ ನೋಡಿದವರು ಅವರ ಮನೆ ಮುಂದೆ ಹಾಯುವಾಗ ಹೇಗೆ ನೋಡಬೇಕು ಅಂತ ಒಂದು ಕ್ಷಣ ಯೋಚಿಸುತ್ತಾರೆ.

ಇಲ್ಲಿ ಒಂದು ಮಾತು ಗಂಭೀರವಾಗಿ ಹೇಳಬೇಕು. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ ಈ ಸಿನಿಮಾಗಳನ್ನು ಈಗಲೇ ನೋಡಬೇಡಿ. ಮನಸ್ಸು ತೀರಾ ಕುಗ್ಗಿದ್ದರೂ ಬೇಡ. ಸಿನಿಮಾ ಎಲ್ಲೂ ಓಡಿಹೋಗೋದಿಲ್ಲ. ‘ನಾಗರಹಾವು’ ನನಗೆ ತುಂಬಾ ಪ್ರೀತಿಯ ಚಿತ್ರ. ಚಿತ್ರದುರ್ಗದ ಕಲ್ಲು, ರಾಮಾಚಾರಿ, ಚಾಮಯ್ಯ ಮೇಷ್ಟ್ರು, ಯಾರು ಮರೆಯೋಕೆ ಸಾಧ್ಯ? ಆದರೆ ಕೊನೆಯಲ್ಲಿ ರಾಮಾಚಾರಿ, ಮಾರ್ಗರೆಟ್ ಜೋಡಿ ಬೆಟ್ಟದಿಂದ ಬೀಳೋದನ್ನು ನಾನು ಹುಡುಗರಿಗೆ ತೋರಿಸುವಾಗ ಸುಮ್ನೆ ತೋರಿಸಿ ಕಳಿಸೋದಿಲ್ಲ. ಕೂತು ಮಾತಾಡುತ್ತೇನೆ. ಪ್ರೀತಿ ಸೋತರೆ ಸಾವೇ ಚಂದ ಅನ್ನೋ ಹಾಗೆ ಯಾರಿಗೂ ಕಾಣಬಾರದು. ನಿಮ್ಮ ಪೈಕಿ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮಗಳು ‘ಸೈರಾಟ್’ ನೋಡಿರುತ್ತಾಳೆ, ಕೇಳಿ ನೋಡಿ. 2016ರ ಮರಾಠಿ ಚಿತ್ರ, ನಾಗರಾಜ ಮಂಜುಳೆ ನಿರ್ದೇಶನ. ಅದರ ಝಿಂಗಾಟ್ ಹಾಡಿಗೆ ನಮ್ಮ ಕಡೆ ಮದುವೆಗಳಲ್ಲಿ ಎಷ್ಟು ಜನ ಕುಣಿದಿಲ್ಲ! ಮೊದಲರ್ಧ ಹಾಗೇ ಕುಣಿಯುತ್ತಾ ಹೋಗುತ್ತೆ. ಮೇಲ್ಜಾತಿಯ ಹುಡುಗಿ, ಕೆಳಜಾತಿಯ ಹುಡುಗ ಓಡಿಹೋಗಿ ಹೈದರಾಬಾದಿನಲ್ಲಿ ಸಂಸಾರ ಕಟ್ಟುತ್ತಾರೆ. ಮಗು ಆಗುತ್ತೆ. ಒಂದು ದಿನ ತವರಿನಿಂದ ಉಡುಗೊರೆ ಹಿಡಿದು ಅವಳ ಒಡಹುಟ್ಟಿದವನು ಬರುತ್ತಾನೆ. ಅವಳು ಚಹಾ ಕೊಡುತ್ತಾಳೆ. ಮುಂದೆ ನಡೆಯೋ ಕೊಲೆಯನ್ನು ಸಿನಿಮಾ ತೋರಿಸೋದಿಲ್ಲ. ಪಕ್ಕದ ಮನೆಯಿಂದ ವಾಪಸ್ ಬಂದ ಮಗು ಒಳಗೆ ಹೋಗಿ, ಅಳುತ್ತಾ ಹೊರಗೆ ಬರುತ್ತೆ. ಬಾಗಿಲಿನಿಂದ ಹೊರಗೆ ಪುಟ್ಟ ಪುಟ್ಟ ಕೆಂಪು ಹೆಜ್ಜೆಗಳು. ಸದ್ದೇ ಇಲ್ಲ. ಅಷ್ಟೊಂದು ಹಾಡು ಕೇಳಿಸಿದ ಸಿನಿಮಾ ಅಲ್ಲಿ ಬಾಯಿ ಮುಚ್ಚುತ್ತೆ. ಮಗು ಅಳೋದು ಕಾಣುತ್ತೆ, ಕೇಳೋದಿಲ್ಲ. ಇದನ್ನು ಅಪ್ಪಂದಿರು ನೋಡಬೇಕು. ಮಗಳ ಜೊತೆ ಕೂತು ನೋಡಿದರೆ ಇನ್ನೂ ಒಳ್ಳೇದು.

ಹೊರಗಿನ ಸಿನಿಮಾಗಳಲ್ಲಿ ನಮ್ಮ ಭಾಗಕ್ಕೆ ತೀರಾ ಹತ್ತಿರದ್ದು ಹಿಂದಿಯ ‘ದೋ ಬಿಘಾ ಜಮೀನ್’, 1953. ಬಿಮಲ್ ರಾಯ್ ನಿರ್ದೇಶನ. ಸಾಲಕ್ಕೆ ಹೊಲ ಹೋಗುತ್ತೆ ಅಂತ ರೈತನೊಬ್ಬ ಮಗನ ಜೊತೆ ಕಲ್ಕತ್ತೆಗೆ ಹೋಗಿ ರಿಕ್ಷಾ ಎಳೆಯುತ್ತಾನೆ. ಇದನ್ನು ನಮ್ಮ ಕಡೆ ಏನಂತಾರೆ ಹೇಳಿ. ಗುಳೆ. ಬೇಸಿಗೆ ಬಂತು ಅಂದರೆ ರಾಯಚೂರು, ಕೊಪ್ಪಳದ ಬಸ್ ಸ್ಟ್ಯಾಂಡುಗಳಲ್ಲಿ ಬೆಂಗಳೂರು ಬಸ್ಸಿಗೆ ಕಾಯೋ ಗಂಟುಮೂಟೆ, ಸ್ಟವ್, ರೊಟ್ಟಿ ಬುತ್ತಿ, ಅದರ ಮೇಲೆ ನಿದ್ದೆ ಹೋದ ಕೂಸುಗಳು. ಪಾತ್ರಕ್ಕಾಗಿ ಬಲರಾಜ್ ಸಾಹ್ನಿ ಕಲ್ಕತ್ತೆಯ ಬೀದಿಯಲ್ಲಿ ನಿಜವಾಗಿಯೂ ರಿಕ್ಷಾ ಎಳೆದು ಕಲಿತರು. ಕೊನೆಯಲ್ಲಿ ಅವನ ಹೊಲದ ಮೇಲೆ ಕಾರ್ಖಾನೆ ಏಳುತ್ತಿದೆ. ಒಂದು ಹಿಡಿ ಮಣ್ಣು ತೆಗೆದುಕೊಳ್ಳೋಕೆ ಹೋದರೆ ಕಾವಲುಗಾರ ಅದನ್ನೂ ಕೆಳಗೆ ಹಾಕಿಸುತ್ತಾನೆ. ಹಿಡಿ ಮಣ್ಣು! ನಾನು ಪ್ರತಿ ಸಲ ಅಲ್ಲಿ ಕಣ್ಣು ಒರೆಸಿಕೊಂಡಿದ್ದೇನೆ.

‘ಪಥೇರ್ ಪಾಂಚಾಲಿ’ ಮಳೆಗಾಲಕ್ಕೆ ಇಟ್ಟುಕೊಳ್ಳಿ. ಸತ್ಯಜಿತ್ ರಾಯ್, 1955. ದುರ್ಗಾ ಅನ್ನೋ ಹುಡುಗಿ, ಅವಳ ತಮ್ಮ ಅಪು. ಇಬ್ಬರೂ ಹುಲ್ಲುಹೂವಿನ ಬಯಲಿನಲ್ಲಿ ರೈಲು ನೋಡೋಕೆ ಓಡೋದನ್ನು ನೋಡಿದವರು ಮರೆಯೋದಿಲ್ಲ. ಮೊದಲ ಮಳೆಯಲ್ಲಿ ನೆಂದ ದುರ್ಗಾ 
ಜ್ವರ ಬಂದು ಸಾಯುತ್ತಾಳೆ. ಊರಲ್ಲಿ ಇಲ್ಲದ ಅಪ್ಪನಿಗೆ ಗೊತ್ತಿಲ್ಲ. ವಾಪಸ್ ಬಂದವನು ಒಂದೊಂದೇ ಸಾಮಾನು ತೆಗೆದು ತೋರಿಸುತ್ತಾ, ‘ಇದು ದುರ್ಗಾಗೆ’ ಅಂತ ಸೀರೆ ಹಿಡಿಯುತ್ತಾನೆ. ತಾಯಿ ಬಾಯಿ ತೆರೆದು ಅಳುತ್ತಾಳೆ. ಅವಳ ದನಿ ಕೇಳೋದಿಲ್ಲ. ಅದರ ಬದಲು ತಾರ್ ಶಹನಾಯಿ ಅನ್ನೋ ವಾದ್ಯ ಕೂಗುತ್ತೆ. ಅಲಾಯಿ ಕುಣಿಯ ಮುಂದೆ ಬಾಯಿಗೆ ಸೆರಗು ಹಿಡಿದಿದ್ದ ನಮ್ಮವ್ವ ನನಗೆ ನೆನಪಾಗೋದು ಅಲ್ಲೇ.

ಜಪಾನಿನ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಬಗ್ಗೆ ಎಚ್ಚರಿಕೆ ಕೊಡುತ್ತೇನೆ. 1988ರ ಕಾರ್ಟೂನ್ ಚಿತ್ರ. ಕಾರ್ಟೂನ್ ಅಂತ ಸಣ್ಣ ಮಕ್ಕಳನ್ನು ಕೂರಿಸಿಬಿಡಬೇಡಿ. 1945ರ ಯುದ್ಧ, ಬಾಂಬಿಗೆ ತಾಯಿಯನ್ನು ಕಳೆದುಕೊಂಡ ಅಣ್ಣ ತಂಗಿ, ಒಂದು ಪೆಪ್ಪರಮೆಂಟ್ ಡಬ್ಬಿ. ಅಣ್ಣ ಸತ್ತ ಅಂತ ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತೆ. ಮಿಠಾಯಿ ಮುಗಿದ ಡಬ್ಬಿಗೆ ನೀರು ಹಾಕಿ, ಕುಲುಕಿ, ಆ ಸಿಹಿ ನೀರನ್ನು ತಂಗಿಗೆ ಕುಡಿಸೋ ದೃಶ್ಯ ಒಂದಿದೆ. ಇದನ್ನು ನಾನು ಎರಡೇ ಸಲ ನೋಡಿದ್ದೇನೆ. ಅಷ್ಟು ಸಾಕು. ಆದರೆ ನೋಡಬಾರದಿತ್ತು ಅಂತ ಒಂದು ದಿನವೂ ಅನಿಸಿಲ್ಲ.

ಹೇಗೆ ನೋಡಬೇಕು ಅನ್ನೋದೂ ಮುಖ್ಯ. ಫೋನಿನಲ್ಲಿ, ಬಸ್ಸಿನಲ್ಲಿ, ಇಪ್ಪತ್ತು ನಿಮಿಷ ಇವತ್ತು, ಇಪ್ಪತ್ತು ನಿಮಿಷ ನಾಳೆ, ಹಾಗೆ ನೋಡಬೇಡಿ. ಊಟ ಮುಗಿಸಿ, ಟಿವಿಯಲ್ಲಿ ಹಾಕಿ, ಮಗಳ ಜೊತೆ ಕೂತುಕೊಳ್ಳಿ. ತಿಂಗಳಿಗೆ ಒಂದು ಸಾಕು. ಮುಗಿದ ಕೂಡಲೇ ಲೈಟ್ ಹಾಕಬೇಡಿ, ‘ಹೆಂಗಿತ್ತು?’ ಅಂತ ಕೇಳಬೇಡಿ. ಕಣ್ಣೀರು ಬಂದರೆ ಬರಲಿ. ಅಪ್ಪ ಅಳೋದನ್ನು ಮಗಳು ನೋಡಿದರೆ ಏನೂ ಆಗೋದಿಲ್ಲ.

ಎಲ್ಲಾ ಆದ ಮೇಲೆ ಒಂದು ಸಿನಿಮಾ. ಸಾವು ಬಂದರೆ ಎದ್ದು ಹೋಗೋ ನಿಮಗೆ ಇದರಲ್ಲಿ ಸಾವಿನ ಭಯವೇ ಇಲ್ಲ. ಇಟಲಿಯ ‘ಬೈಸಿಕಲ್ ಥೀವ್ಸ್’, 1948, ವಿಟ್ಟೋರಿಯೊ ಡಿ ಸಿಕಾ. ಸತ್ಯಜಿತ್ ರಾಯ್ 1950ರಲ್ಲಿ ಇದನ್ನು ಲಂಡನ್ನಿನಲ್ಲಿ ನೋಡಿ, ತಾನು ಸಿನಿಮಾ ಮಾಡಿದರೆ ಹೀಗೇ ಮಾಡಬೇಕು ಅಂದುಕೊಂಡರು. ಅಪ್ಪನ ಪಾತ್ರ ಮಾಡಿದವನು ನಟನೇ ಅಲ್ಲ, ಕಾರ್ಖಾನೆಯ ಕೂಲಿ. ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸ ಸಿಗುತ್ತೆ, ಸೈಕಲ್ ಬೇಕು. ಹೆಂಡತಿ ಹಾಸಿಗೆಯ ಚಾದರಗಳನ್ನು ಅಡವಿಟ್ಟು ಸೈಕಲ್ ಬಿಡಿಸಿಕೊಡುತ್ತಾಳೆ. ಮೊದಲ ದಿನವೇ ಸೈಕಲ್ ಕಳುವಾಗುತ್ತೆ. ಅಪ್ಪ ಮಗ ಊರೆಲ್ಲ ಹುಡುಕುತ್ತಾರೆ. ನಡುವೆ ಒಂದು ಹೋಟೆಲಿನಲ್ಲಿ ಕೂತು ಅಪ್ಪ ತನ್ನ ಸಂಬಳ, ಭತ್ಯೆ ಹೇಳುತ್ತಾ ಹೋಗುತ್ತಾನೆ, ಮಗ ಪೆನ್ಸಿಲ್ ಹಿಡಿದು ಕೂಡುತ್ತಾನೆ. ಲೆಕ್ಕ ಬರೆಯೋ ನಿಮಗೆ ಆ ಚೀಟಿ ಬೇರೆ ಥರ ಕಾಣುತ್ತೆ. ಆ ದುಡ್ಡು ಬರೋದಿಲ್ಲ ಅಂತ ಇಬ್ಬರಿಗೂ ಗೊತ್ತಿದೆ.

ಕೊನೆಗೆ ಅಪ್ಪ ತಾನೇ ಒಂದು ಸೈಕಲ್ ಕದಿಯೋಕೆ ಹೋಗಿ ಸಿಕ್ಕಿಬೀಳುತ್ತಾನೆ. ಮಗನ ಕಣ್ಣೆದುರೇ ಜನ ಹೊಡೆಯುತ್ತಾರೆ. ಟೋಪಿ ಬೀದಿಗೆ ಬೀಳುತ್ತೆ. ಸೈಕಲ್ಲಿನ ಯಜಮಾನ ಆ ಹುಡುಗನ ಮುಖ ನೋಡಿ, ಬಿಟ್ಟುಬಿಡಿ ಅಂತಾನೆ. ಹುಡುಗ ಟೋಪಿ ಎತ್ತಿಕೊಂಡು ಧೂಳು ಒರೆಸುತ್ತಾನೆ. ಇಬ್ಬರೂ ಜನರ ನಡುವೆ ನಡೆಯುತ್ತಾ ಹೋಗುತ್ತಾರೆ. ಅಪ್ಪನ ಕಣ್ಣಲ್ಲಿ ನೀರು ತುಂಬುತ್ತೆ. ನೀವು ಎದ್ದು ಹೋಗೋದು ಇಂಥ ಜಾಗದಲ್ಲೇ ಅಂತ ನನಗೆ ಗೊತ್ತು. ದಯವಿಟ್ಟು ಇನ್ನೊಂದು ನಿಮಿಷ ಕೂತುಕೊಳ್ಳಿ. ಆ ಹುಡುಗ ಏನೂ ಮಾತಾಡದೆ ಅಪ್ಪನ ಕೈ ಹಿಡಿದುಕೊಳ್ಳುತ್ತಾನೆ.